ನೇಗಿಲ ಸಾಲಿನ ಹಳೆಯ ಮಾತುಗಳು

ಹೋದ ವರ್ಷದ ಸಂಗತಿ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದಾಗ, ಯಾವುದೋ ಸಂದರ್ಭಕ್ಕೆ ಉದಾಹರಣೆಯಾಗಿ, "ಕೋಳಿ ಕೂಗುವ ಹೊತ್ತಿಗೆ ಎದ್ದು ಆರು ಕಟ್ಟಿದರು" ಎಂದೆ. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಆರು ಏನು ಕಟ್ಟಿದರು, ಸಾರ್?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ವಿಚಾರಿಸಿದಾಗ ತಿಳಿದದ್ದು, ನಕ್ಕವರಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಲವತ್ತು ಮಕ್ಕಳಲ್ಲಿ ಮುಕ್ಕಾಲು ಪಾಲು ಒಕ್ಕಲು ಮನೆಯವರು. ರಾಮನಗರ, ಚನ್ನಪಟ್ಟಣಗಳ ಸುತ್ತಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರತಕ್ಕವರು. ಇವರ ಅಜ್ಜಂದಿರು ದಿನಕ್ಕೆ ಹತ್ತು ಬಾರಿ ಆಡುತ್ತಿದ್ದ ಮಾತು ಇವರ ಕಿವಿಗೆ ಬರಿಯ ಅಂಕಿಯಾಗಿ ಕೇಳಿಸಿತು.

ಆರು ಎಂದರೆ ನೊಗಕ್ಕೆ ಹೂಡಿದ ಜೋಡೆತ್ತು ಮತ್ತು ನೇಗಿಲು. ಆರು ಕಟ್ಟುವುದೆಂದರೆ ಉಳುಮೆಗೆ ಹೂಡುವುದು. ಹಳಗನ್ನಡದ 'ಏರ್' ಎಂಬ ಮಾತಿಗೆ ಇದು ಒಡಹುಟ್ಟು. ತಮಿಳಿನಲ್ಲಿಯೂ ಏರ್ ಎಂದರೆ ನೇಗಿಲೇ. ಸಂಖ್ಯೆಯನ್ನು ಹೇಳುವ ಮಾತಾದರೋ ಹಳಗನ್ನಡದಲ್ಲಿ 'ಆಱು' ಎಂದಿತ್ತು. ಅದರಲ್ಲಿದ್ದದ್ದು ಶಕಟರೇಫವೆಂದು ವೈಯಾಕರಣರು ಕರೆದ ಗಡಸು ಱಕಾರ. ಆ ಅಕ್ಷರ ಕನ್ನಡಿಗರ ನಾಲಗೆಯಿಂದಲೂ ಬರವಣಿಗೆಯಿಂದಲೂ ಮಾಯವಾದ ಮೇಲೆ ನೇಗಿಲೂ ಅಂಕಿಯೂ ಒಂದೇ ವೇಷ ತೊಟ್ಟವು. ಆದ್ದರಿಂದ ಆ ಹುಡುಗನ ಪ್ರಶ್ನೆಯಲ್ಲಿ ದಡ್ಡತನವೇನೂ ಇರಲಿಲ್ಲ. ಅವನು ಎತ್ತಿದ್ದು ಸಾವಿರ ವರ್ಷದ ಒಂದು ಪ್ರಶ್ನೆಯನ್ನು.

ಯುಗಾದಿಯಾದ ಮೇಲೆ ನಮ್ಮ ಕಡೆ ಹೊನ್ನಾರು ಕಟ್ಟುವ ಪದ್ಧತಿಯಿರುವುದನ್ನು ಅನೇಕರು ಬಲ್ಲರು. ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ನೇಗಿಲಿಗೆ ಅರಿಸಿನ ಕುಂಕುಮವಿಟ್ಟು, ವರ್ಷದ ಮೊದಲ ಸಾಲನ್ನು ಹೊಡೆಯುವ ಶಾಸ್ತ್ರವಿದು. ಹೊನ್ + ಆರು, ಹೊನ್ನಾರು. ಹೊನ್ನಿನ ಆರು, ಚಿನ್ನದ ನೇಗಿಲು. ಬಿಡಿಯಾಗಿ ಮರೆತ ಮಾತು ಹಬ್ಬದ ಹೆಸರಿನೊಳಗೆ ಭದ್ರವಾಗಿ ಕುಳಿತಿದೆ. ಹಳೆಯ ಮಾತುಗಳು ಹೀಗೆ ಒಂದೊಂದು ಮೂಲೆಯಲ್ಲಿ ಉಳಿದುಕೊಂಡಿರುವುದುಂಟು. ಅವುಗಳಲ್ಲಿ ಕೆಲವನ್ನು ಹುಡುಕಿ ನೋಡುವುದು ಈ ಲೇಖನದ ಉದ್ದೇಶ.

ನಾನು ಹೇಳಲಿರುವುದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಸೀಮೆಗಳ ಮಾತು. ಮೊದಲು ಇವು ಬೆಂಗಳೂರು ಜಿಲ್ಲೆಗೆ ಸೇರಿದ್ದವು. 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ರಾಮನಗರ ಮೊದಲು ಕ್ಲೋಸ್‌ಪೇಟೆಯಾಗಿತ್ತು, ಕನಕಪುರ ಕಾನಕಾನಹಳ್ಳಿಯಾಗಿತ್ತು. ಊರಿನ ಹೆಸರು, ಜಿಲ್ಲೆಯ ಹೆಸರು ದೊರೆಗಳ ಇಷ್ಟದಂತೆಯೂ ಸರ್ಕಾರದ ಇಷ್ಟದಂತೆಯೂ ಬದಲಾಗುತ್ತವೆ. ಹೊಲದ ಹೆಸರು ಹಾಗೆ ಬದಲಾಗುವುದಿಲ್ಲ. ಉಳುವವನ ನಾಲಗೆಯ ಮೇಲೆ ಎಷ್ಟು ದಿನ ಇರುತ್ತದೆಯೋ ಅಷ್ಟು ದಿನ ಅದು ಇದ್ದಂತೆಯೇ ಇರುತ್ತದೆ. ನಾಲಗೆಯಿಂದ ಜಾರಿತೆಂದರೆ ಸದ್ದಿಲ್ಲದೆ ಹೋಗಿಬಿಡುತ್ತದೆ.

ಉಳು ಎಂಬ ಧಾತುವಿನಿಂದಲೇ ಪ್ರಾರಂಭಿಸೋಣ. ಹಳಗನ್ನಡದಲ್ಲಿ ಇದು 'ಉೞ್'. ಇಲ್ಲಿರುವುದು ೞ ಎಂಬ ಅಕ್ಷರ. ತಮಿಳರೂ ಮಲೆಯಾಳಿಗಳೂ ಇಂದಿಗೂ ಉಳಿಸಿಕೊಂಡಿರುವ, ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯಬೇಕಾದ ಧ್ವನಿ. ಕನ್ನಡದಲ್ಲಿ ಅದು ಬಹು ಬೇಗನೆ ಸವೆಯಿತು. 1260ರ ಸುಮಾರಿನಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ಯಾವ ಯಾವ ಮಾತಿನಲ್ಲಿ ಈ ಅಕ್ಷರ ಬರತಕ್ಕದ್ದೆಂದು ಪಟ್ಟಿ ಕೊಡಬೇಕಾಯಿತು. ಪಟ್ಟಿ ಕೊಡಬೇಕಾದ ಪ್ರಸಂಗ ಬಂತೆಂದರೆ ಜನ ಆ ವೇಳೆಗೆ ತಪ್ಪತೊಡಗಿದ್ದರೆಂದೇ ಅರ್ಥ. ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ ಈ ಪ್ರಕರಣವನ್ನು ನಾನು ಗಿಳಿಯಂತೆ ಬಾಯಿಪಾಠ ಮಾಡಿದ್ದೆ. ಅದರ ಸಾಕ್ಷಿ ನಮ್ಮ ಮನೆಯ ಕೊಟ್ಟಿಗೆಯಲ್ಲೇ ಇತ್ತೆಂಬುದು ಆಗ ಹೊಳೆಯಲಿಲ್ಲ.

ನಮ್ಮ ಅಪ್ಪ, "ಮೂಡಲ ಹೊಲಕ್ಕೆ ಎರಡುಕ್ಕೆ ಆಯ್ತು, ಇನ್ನೊಂದುಕ್ಕೆ ಹೊಡೆದರೆ ಬಿತ್ತಬಹುದು" ಎನ್ನುತ್ತಿದ್ದರು. ಉಕ್ಕೆ ಎಂದರೆ ಒಂದಾವರ್ತಿ ಉಳುಮೆ. ಉೞ್ ಧಾತುವಿಗೆ 'ಕೆ' ಪ್ರತ್ಯಯ ಸೇರಿ ಉೞ್ಕೆ. ೞಕಾರ ಮುಂದಿನ ಕಕಾರದಲ್ಲಿ ಕರಗಿ ಉಕ್ಕೆ. ಎೞ್ದು ಎಂಬುದು ಎದ್ದು ಆದದ್ದು, ಬಿೞ್ದು ಎಂಬುದು ಬಿದ್ದು ಆದದ್ದು ಇದೇ ದಾರಿಯಲ್ಲಿ. 'ಗದ್ದೆ' ಎಂಬ ಮಾತಿನ ಕಥೆಯೂ ಇದೇ. ಹಳೆಯ ಶಾಸನಗಳಲ್ಲಿ ಅದು ಗೞ್ದೆ, ಅನಂತರ ಗರ್ದೆ, ಕೊನೆಗೆ ಗದ್ದೆ. ತಮಿಳಿನ ಕೞನಿ ಇದರ ನಂಟ. ಹೊಲ ಎಂಬುದು ಮೊದಲು ಪೊಲ. ಪಕಾರ ಹಕಾರವಾದ ಕಾಲಕ್ಕೆ ಹೊಲವಾಯಿತು. ತಮಿಳಿನ ಪುಲಂ ಅದರ ಬಂಧು. ಪುಸ್ತಕದ ಮುಖ ನೋಡದ ಬೇಸಾಯಗಾರನು "ಉಕ್ಕೆ ಹೊಡೆದೆ" ಎಂದಾಗ ವ್ಯಾಕರಣದ ಒಂದು ಪ್ರಕರಣವನ್ನೇ ನುಡಿದಂತಾಗುತ್ತದೆ.

ತಮಿಳಿನ ಮಾತನ್ನು ಇಷ್ಟು ಸಲ ಎತ್ತಿದ್ದಕ್ಕೆ ಕಾರಣವುಂಟು. ಈ ಸೀಮೆ ಗಂಗರ ಕೈಯಲ್ಲಿತ್ತು. 11ನೆಯ ಶತಮಾನದ ಮೊದಲಿಗೆ ಚೋಳರ ಕೈಸೇರಿತು. 1116ರ ಸುಮಾರಿಗೆ ವಿಷ್ಣುವರ್ಧನನು ತಲಕಾಡನ್ನು ಗೆದ್ದ ಮೇಲೆ ಹೊಯ್ಸಳರದಾಯಿತು. ಆದ್ದರಿಂದ ಚನ್ನಪಟ್ಟಣದ ಬಳಿಯ ಮಳೂರಿನ ಕಡೆಯಲ್ಲಿಯೂ ಕನಕಪುರದ ಕಡೆಯಲ್ಲಿಯೂ ಕನ್ನಡ ಶಾಸನಗಳ ಜೊತೆಗೆ ತಮಿಳು ಶಾಸನಗಳು ದೊರೆಯುತ್ತವೆ. ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟದಲ್ಲಿ, 1905ರಲ್ಲಿ, ಚನ್ನಪಟ್ಟಣ, ಕಾನಕಾನಹಳ್ಳಿ, ಮಾಗಡಿ ತಾಲ್ಲೂಕುಗಳ ಶಾಸನಗಳು ಅಚ್ಚಾದವು. ದೊರೆ ಯಾರೇ ಆಗಲಿ, ಲಿಪಿ ಯಾವುದೇ ಆಗಲಿ, ಕಲ್ಲಿನ ಮೇಲೆ ಕೊರೆದದ್ದರಲ್ಲಿ ಬಹುಪಾಲು ನೆಲದ ಮಾತೇ: ಯಾರಿಗೆ ಎಷ್ಟು ಗದ್ದೆ, ಎಷ್ಟು ಬೆದ್ದಲೆ, ಯಾವ ಕೆರೆಯ ಕೆಳಗೆ, ಎಲ್ಲೆ ಎಲ್ಲಿಂದ ಎಲ್ಲಿಗೆ.

ಬೆದ್ದಲೆ ಎಂಬುದೇ ಇಂದಿನ ಬೆದ್ದಲು. ಮಳೆಯನ್ನೇ ನೆಚ್ಚಿ ಬೆಳೆಯುವ ಹೊಲ. ಮಾಗಡಿಯ ಕಡೆ ಇಂದಿಗೂ ಮುದುಕರ ಬಾಯಲ್ಲಿ ಈ ಮಾತಿದೆ. ಕೆರೆ ಕಾಲುವೆಯ ನೀರು ಉಂಡು ಬೆಳೆಯುವುದು ಗದ್ದೆ. ಶಾಸನಗಳು ಇವನ್ನೇ ಇನ್ನೊಂದು ಜೋಡಿ ಮಾತಿನಲ್ಲಿ ಹೇಳುತ್ತವೆ: ನೀರಾರಂಭ, ಕಾಡಾರಂಭ. ನೀರನ್ನು ನೆಮ್ಮಿದ ಬೇಸಾಯ ಮೊದಲನೆಯದು; ಕಾಡು ಕಡಿದು ಮಾಡಿದ, ಮುಗಿಲನ್ನು ನೆಮ್ಮಿದ ಬೇಸಾಯ ಎರಡನೆಯದು. 'ಆರಂಭ' ಸಂಸ್ಕೃತದ ಮಾತು, ಕೈಕೊಂಡ ಕೆಲಸ ಎಂದು ಅರ್ಥ. ನಮ್ಮವರು ಅದನ್ನು 'ಆರಂಬ' ಮಾಡಿಕೊಂಡು ಬೇಸಾಯಕ್ಕೇ ಮೀಸಲಿಟ್ಟರು. ಬೇಸಾಯ ಎಂಬುದೂ ಹೀಗೆಯೇ ವ್ಯವಸಾಯದ ತದ್ಭವ. ಅಚ್ಚಗನ್ನಡದ 'ಗೆಯ್' ಎಂದರೆ ಮಾಡು ಎಂದಷ್ಟೇ ಅರ್ಥ. ಆದರೆ ಹಳ್ಳಿಯಲ್ಲಿ 'ಗೇಮೆ' ಎಂದರೆ ಹೊಲದ ದುಡಿಮೆ ಮಾತ್ರ. ಸಂಸ್ಕೃತದಲ್ಲಿ ಕೆಲಸ, ಉದ್ಯೋಗ ಎಂಬ ಅರ್ಥವಿದ್ದ ಎರಡು ಮಾತು, ಕನ್ನಡದಲ್ಲಿ ಮಾಡು ಎಂಬ ಅರ್ಥವಿದ್ದ ಒಂದು ಮಾತು. ಮೂರೂ ನಮ್ಮ ಜನರಲ್ಲಿ ಉಳುಮೆಯೆಂಬ ಒಂದೇ ಅರ್ಥಕ್ಕೆ ಬಂದು ನಿಂತವು. ಅವರಿಗೆ ಬೇರೆ ಕೆಲಸವೇ ಕೆಲಸವೆಂದು ತೋರಲಿಲ್ಲವೇನೋ!

ನೆಲವನ್ನು ಅಳೆಯುತ್ತಿದ್ದ ರೀತಿ ಇನ್ನೂ ಸ್ವಾರಸ್ಯವಾದದ್ದು. ಹೊಯ್ಸಳರ ಕಾಲದ ದಾನಪತ್ರಗಳಲ್ಲಿ "ಇಷ್ಟು ಸಲಗೆ ಗದ್ದೆ", "ಇಷ್ಟು ಖಂಡುಗ", "ಇಷ್ಟು ಕೊಳಗ" ಎಂಬ ಲೆಕ್ಕ ಬರುತ್ತದೆ. ಖಂಡುಗ, ಕೊಳಗಗಳು ಧಾನ್ಯ ಅಳೆಯುವ ಪ್ರಮಾಣಗಳು. 20 ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ನೆಲವೆಂದರೆ ಒಂದು ಖಂಡುಗ ಬೀಜ ಬಿತ್ತುವಷ್ಟು ನೆಲ. ಭತ್ತವನ್ನು ಒತ್ತಾಗಿ ಬಿತ್ತಬೇಕು, ರಾಗಿಯನ್ನು ತೆಳುವಾಗಿ. ಆದ್ದರಿಂದ ಖಂಡುಗ ಗದ್ದೆಗಿಂತ ಖಂಡುಗ ಬೆದ್ದಲು ಬಹಳ ದೊಡ್ಡದು. ಪಟ್ಟಣದವರಿಗೆ ಇದು ಗೊಂದಲವೆಂದು ತೋರಬಹುದು. ಉಳುವವನಿಗೆ ಹಾಗಲ್ಲ. ಎಷ್ಟು ಚದರ ಗಜವೆಂಬುದನ್ನು ಕಟ್ಟಿಕೊಂಡು ಅವನಿಗೆ ಆಗಬೇಕಾದ್ದೇನು? ಮನೆಯ ಕಣಜದಿಂದ ಎಷ್ಟು ಬೀಜ ತೆಗೆಯಬೇಕು, ಉಳಿದದ್ದರಲ್ಲಿ ಮಕ್ಕಳ ಹೊಟ್ಟೆ ತುಂಬುತ್ತದೆಯೇ, ಇದೇ ಅವನ ಲೆಕ್ಕ. ಆ ಅಳತೆಯಲ್ಲಿ ನೆಲವೂ ಬೀಜವೂ ಊಟವೂ ಒಂದೇ ಸೂತ್ರಕ್ಕೆ ಪೋಣಿಸಿದ್ದುವು.

1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದನು. ರಾಮಗಿರಿ, ಚನ್ನಪಟ್ಟಣ, ಮಾಗಡಿಗಳ ದಾರಿಯಲ್ಲೂ ಹಾದುಹೋದನು. ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿ ಎಳೆಯುವವರನ್ನೂ ಗಾಜಿನ ಕೆಲಸದವರನ್ನೂ ಕಂಡು ಬರೆದಿದ್ದಾನೆ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಹೊರಬಂದಿತು. ಮೈಸೂರು ಸೀಮೆಯ ಬೇಸಾಯವನ್ನು ವಿವರಿಸುವಾಗ ಅವನು ಕಾರು, ಹೈನು ಎಂಬ ಎರಡು ಬೆಳೆಗಾಲಗಳನ್ನೂ, ಮೊಳೆ ಭತ್ತ, ನಾಟಿ ಎಂಬ ಬಿತ್ತನೆಯ ಕ್ರಮಗಳನ್ನೂ, ಖಂಡುಗದ ಲೆಕ್ಕವನ್ನೂ ಅವವೇ ಹೆಸರಿನಿಂದ ಗುರುತುಹಾಕಿಕೊಂಡನು. ಒಕ್ಕಲಿನ ಸ್ಥಿತಿಗತಿಯನ್ನು ಅವನು ಅಳೆದದ್ದು ನೇಗಿಲ ಲೆಕ್ಕದಲ್ಲಿ: ಇವನಿಗೆ ಒಂದು ನೇಗಿಲು, ಅವನಿಗೆ ಮೂರು ನೇಗಿಲು ಎಂದು. ಹೊರಗಿನಿಂದ ಬಂದವನು, ಭಾಷೆಯರಿಯದವನು, ದುಭಾಷಿಯನ್ನು ಮುಂದಿಟ್ಟುಕೊಂಡು ರೈತರನ್ನು ಕೇಳಿ ಕೇಳಿ ಬರೆದುಕೊಂಡನು. ಒಳಗಿದ್ದ ನಾವು ಕೇಳಲಿಲ್ಲ.

ಈ ಹಳೆಯ ಪದಗಳ ಮೇಲೆ ಇನ್ನೊಂದು ಪದರ ಬಂದು ಕುಳಿತಿದೆ. 1638ರಲ್ಲಿ ಬಿಜಾಪುರದವರು ಕೆಂಪೇಗೌಡನಿಂದ ಬೆಂಗಳೂರನ್ನು ತೆಗೆದುಕೊಂಡರು. ಗೌಡನ ವಂಶ ಮಾಗಡಿಗೆ ಸರಿಯಿತು. 1728ರಲ್ಲಿ ಮಾಗಡಿಯೂ ಮೈಸೂರಿಗೆ ಸೇರಿತು. ಬಿಜಾಪುರದವರು, ಮರಾಟರು, ಮೊಗಲರು, ಹೈದರ್ ಟಿಪ್ಪುಗಳು, ಹೀಗೆ ಒಬ್ಬರಾದ ಮೇಲೊಬ್ಬರ ದಫ್ತರಗಳಿಂದ ಪಾರಸಿ, ಅರಬ್ಬಿ ಮಾತುಗಳು ಹರಿದುಬಂದವು. ಗದ್ದೆ ತರಿಯಾಯಿತು, ಬೆದ್ದಲು ಖುಷ್ಕಿಯಾಯಿತು, ತೋಟ ಬಾಗಾಯ್ತಾಯಿತು. ತರ್ ಎಂದರೆ ಒದ್ದೆ, ಖುಷ್ಕ್ ಎಂದರೆ ಒಣಗಿದ್ದು, ಬಾಗ್ ಎಂದರೆ ತೋಟ, ಅರ್ಥದಲ್ಲಿ ವ್ಯತ್ಯಾಸವೇನಿಲ್ಲ. ನೆಲ ಜಮೀನಾಯಿತು, ಒಕ್ಕಲು ರೈತನಾದ, ಬೀಳು ಖರಾಬಾಯಿತು. 1863ರಲ್ಲಿ ಮೈಸೂರಿನಲ್ಲಿ ಹೊಸ ಮೋಜಣಿ ಪ್ರಾರಂಭವಾದ ಮೇಲೆ ಮುಂಬಯಿಯ ಪದ್ಧತಿಯಂತೆ ಎಕರೆ, ಗುಂಟೆಗಳು ಬಂದವು. 40 ಗುಂಟೆಗೆ ಒಂದು ಎಕರೆ. ಹೊಲಗಳಿಗೆ ನಂಬರು ಬಿದ್ದವು. ಅದುವರೆಗೆ ಹುಣಿಸೆಮರದ ಹೊಲ, ಕಲ್ಲುಬಾವಿ ಹೊಲ, ಅಜ್ಜಿ ಹೊಲ ಎಂದು ಕರೆಸಿಕೊಳ್ಳುತ್ತಿದ್ದುವು ಕಾಗದದಲ್ಲಿ ಅಂಕಿಗಳಾದವು.

ಇದರಲ್ಲಿ ದೂರುವಂಥದೇನೂ ಇಲ್ಲ. ತರಿ, ಖುಷ್ಕಿ, ಜಮೀನು, ರೈತ ಎಲ್ಲವೂ ಇಂದು ನಮ್ಮ ಮಾತುಗಳೇ. ಅಳತೆ ಒಂದೇ ತೆರನಾದದ್ದರಿಂದ ಬಡವನಿಗೆ ಲಾಭವೂ ಆಯಿತು. ಬಲಶಾಲಿಯ ಕೊಳಗ ದೊಡ್ಡದು, ಬಡವನದು ಚಿಕ್ಕದು ಎಂಬ ವಂಚನೆ ತಪ್ಪಿತು. ಆದರೆ ಹಳೆಯ ಮಾತು ಬಿಟ್ಟುಹೋಗುವಾಗ ತನ್ನೊಡನೆ ಏನನ್ನು ಕೊಂಡುಹೋಯಿತು ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ. ಇದನ್ನು ವಿವರಿಸಲು ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅದರಲ್ಲಿ ತಪ್ಪು ನನ್ನದೇ.

ನಮ್ಮದು ಮಾಗಡಿ ಸೀಮೆಯ ಒಂದು ಸಣ್ಣ ಊರು. ಊರ ಮುಂದೆ ಒಂದು ಕೆರೆ. ಅದರ ಏರಿಯ ಕೆಳಗೆ ಅಚ್ಚುಕಟ್ಟು. ಪಟ್ಟಣದಲ್ಲಿ ನಾವು ಓರಣವಾದದ್ದಕ್ಕೆಲ್ಲ ಅಚ್ಚುಕಟ್ಟು ಎನ್ನುತ್ತೇವೆ. ಕೆರೆಯ ನೀರು ಹಾಯುವ, ಎಲ್ಲೆ ಗೊತ್ತುಮಾಡಿದ ಗದ್ದೆಬಯಲಿನ ಹೆಸರೂ ಅದೇ. ಆ ಬಯಲಿನಲ್ಲಿ ತೂಬಿಗೆ ಹತ್ತಿರದ ನಾಲ್ಕು ತಾಕುಗಳು ನಮ್ಮ ಮನೆಗೂ ಇನ್ನು ಮೂರು ಮನೆಗಳಿಗೂ ಸೇರಿದ್ದುವು. ಪ್ರತಿ ವರ್ಷ ಮುಂಗಾರಿಗೆ ಮೊದಲು ಈ ನಾಲ್ಕು ಮನೆಯವರು ಎತ್ತು, ಗಾಡಿ, ಗುದ್ದಲಿಗಳನ್ನು ತಂದು, ತೂಬಿನ ಬಾಯ ಹೂಳು ತೆಗೆದು, ಏರಿಯ ಕೊರಕಲುಗಳಿಗೆ ಮಣ್ಣು ತುಂಬಿ, ಕಾಲುವೆಯನ್ನು ಹಸನು ಮಾಡುತ್ತಿದ್ದರು. ಮೂರು ನಾಲ್ಕು ದಿನದ ಕೆಲಸ. ಯಾಕೆ ಈ ನಾಲ್ಕೇ ಮನೆಯವರು ಮಾಡಬೇಕೆಂದು ಯಾರೂ ಕೇಳಿರಲಿಲ್ಲ. ಅಪ್ಪ ಮಾಡುತ್ತಿದ್ದರು, ಅವರಪ್ಪ ಮಾಡಿದ್ದರು, ಅಷ್ಟೆ.

ಸುಮಾರು ಮೂವತ್ತು ವರ್ಷದ ಹಿಂದೆ ನನ್ನ ದಾಯಾದಿ ಅಣ್ಣತಮ್ಮಂದಿರಲ್ಲಿ ಈ ಪ್ರಶ್ನೆ ಎದ್ದಿತು. ನೀರು ಎಲ್ಲರಿಗೂ, ದುಡಿಮೆ ಮಾತ್ರ ನಮಗೇಕೆ? ನ್ಯಾಯವಾದ ಪ್ರಶ್ನೆಯೇ. ತಾತನ ಕಾಲದ ಪಾಲುಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದರು. ಅದರಲ್ಲಿ ಈ ತಾಕಿನ ಹೆಸರು "ಕಟ್ಟುಗೊಡಗಿ ಗದ್ದೆ" ಎಂದಿತ್ತು. ಆಗತಾನೇ ಪಂಡಿತ ಪದವಿ ಪಡೆದು, ಕೆಲಸಕ್ಕೆ ಸೇರಿದ್ದ ನನ್ನನ್ನು ಕರೆದು ಅರ್ಥ ಕೇಳಿದರು. ನಾನು ಕನ್ನಡಕ ಸರಿಮಾಡಿಕೊಂಡು, "ಕೊಡಗಿ ಎಂದರೆ ಕೊಡುಗೆ, ದಾನ. ಯಾರೋ ದೊರೆಯೋ ಗೌಡನೋ ನಮ್ಮ ಹಿರಿಯರಿಗೆ ಕೊಟ್ಟ ಮಾನ್ಯ. ಇದರಲ್ಲಿ ಹಂಗೇನೂ ಇಲ್ಲ" ಎಂದು ತೀರ್ಪು ಕೊಟ್ಟೆ. ಅಪ್ಪ ಮೂಲೆಯಲ್ಲಿ ಕುಳಿತಿದ್ದರು. "ಕಟ್ಟು ಅಂತ ಇದೆಯಲ್ಲಪ್ಪ, ಅದೇನು?" ಎಂದು ಕೇಳಿದರು. ಅದಕ್ಕೆ ನಾನು ಏನು ಹೇಳಿದೆನೆಂಬುದು ನೆನಪಿಲ್ಲ. ಓದಿದವನು ಓದದವನಿಗೆ ಹೇಳುವಂಥ ಯಾವುದೋ ಮಾತು ಹೇಳಿರಬೇಕು.

ಮುಂದಿನ ವರ್ಷದಿಂದ ಕೆರೆಯ ಕೆಲಸ ನಿಂತಿತು.

ಕಾನೂನಿನ ದೃಷ್ಟಿಯಿಂದ ನನ್ನ ತೀರ್ಪಿನಲ್ಲಿ ತಪ್ಪಿರಲಿಲ್ಲ. ಮೈಸೂರು ಸಂಸ್ಥಾನದ ಇನಾಮುಗಳನ್ನು 1954 ಮತ್ತು 1955ರ ಶಾಸನಗಳು ರದ್ದುಮಾಡಿದ್ದುವು. ಹಳೆಯ ಷರತ್ತುಗಳು ಯಾರನ್ನೂ ಕಟ್ಟಿಹಾಕುವಂತಿರಲಿಲ್ಲ. ತಪ್ಪಿದ್ದದ್ದು ಮಾತಿನಲ್ಲಿ. ಎಷ್ಟೋ ವರ್ಷ ಕಳೆದ ಮೇಲೆ, ಬೇಸಗೆಯ ರಜೆಯಲ್ಲಿ ಶಾಸನಗಳ ಸಂಪುಟಗಳನ್ನು ತಿರುವುತ್ತಿದ್ದಾಗ ಆ ಮಾತು ಕಣ್ಣಿಗೆ ಬಿತ್ತು. ಒಂದೆಡೆಯಲ್ಲ, ಅನೇಕ ಕಡೆ. ಕಟ್ಟುಗೊಡಗೆ ಎಂದರೆ ಕೆರೆ ಕಟ್ಟಿಸಿದವನಿಗೆ, ಕಟ್ಟಿದ ಕೆರೆಯನ್ನು ಕಾಪಾಡಿಕೊಂಡು ಬರತಕ್ಕವನಿಗೆ, ಆ ಕೆರೆಯ ಕೆಳಗೇ ಬಿಟ್ಟುಕೊಟ್ಟ ಗದ್ದೆ. ಗಂಗರ ಕಾಲದ ಶಾಸನಗಳಲ್ಲಿ ಬರುವ ಬಿತ್ತುವಟ್ಟವೂ ಇದೇ ಜಾತಿಯದು. ಕಾದಾಡಿ ಮಡಿದವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ವೀರನಿಗೆ ಕತ್ತಿ ತೊಳೆದು ಕೊಟ್ಟ ಬಾಳ್ಗಳ್ಚು ಎಂಬ ದತ್ತಿಯ ಮಾತಂತೂ ಐದನೆಯ ಶತಮಾನದ ಹಲ್ಮಿಡಿ ಶಾಸನದಷ್ಟು ಹಳೆಯದು. ಇವುಗಳಲ್ಲಿ ಯಾವುದೂ ಬರಿಯ ದಾನವಲ್ಲ. ಒಂದೊಂದರ ಹೆಸರಿನಲ್ಲೂ ನೆಲದ ಜೊತೆಗೆ ಕಾರಣ ಕಟ್ಟಿಟ್ಟಿದೆ: ಇದನ್ನು ಕೆರೆಗಾಗಿ ಕೊಟ್ಟಿತು, ಇದನ್ನು ರಕ್ತಕ್ಕಾಗಿ ಕೊಟ್ಟಿತು ಎಂದು. ಬೆಂಗಳೂರಿನ ಸುತ್ತ ಕೊಡಿಗೇಹಳ್ಳಿ ಎಂಬ ಹೆಸರಿನ ಊರುಗಳಿವೆಯಲ್ಲ, ಅವುಗಳ ಹೆಸರಿನಲ್ಲಿರುವುದೂ ಈ ಕೊಡಗಿಯೇ.

ನಾನು 'ಕೊಡಗಿ'ಯ ಅರ್ಥ ಹೇಳಿದೆ, 'ಕಟ್ಟಿ'ನ ಅರ್ಥ ಬಿಟ್ಟೆ. ಅಪ್ಪ ಕೇಳಿದ್ದು ಬಿಟ್ಟ ಅರ್ಧವನ್ನೇ.

ಕೆರೆ ಒಂದೇ ದಿನ ಒಡೆಯಲಿಲ್ಲ. ಒಡೆದಿದ್ದರೆ ಎಚ್ಚರವಾಗುತ್ತಿತ್ತೋ ಏನೋ. ತೂಬಿನ ಬಾಯಿ ವರ್ಷವರ್ಷಕ್ಕೆ ಮುಚ್ಚಿತು. ಕಾಲುವೆಯಲ್ಲಿ ಲಂಟಾನ ಬೆಳೆಯಿತು. ಮೊದಲು ಕೊನೆಯ ತಾಕುಗಳಿಗೆ ನೀರು ನಿಂತಿತು, ಆಮೇಲೆ ನಡುವಿನವಕ್ಕೆ, ಕೊನೆಗೆ ತೂಬಿನ ಬುಡದ ನಮ್ಮ ತಾಕಿಗೂ. ಭತ್ತ ಬೆಳೆಯುತ್ತಿದ್ದಲ್ಲಿ ರಾಗಿ ಹಾಕಿದರು; ಆಮೇಲೆ ಕೊಳವೆಬಾವಿ ತೋಡಿಸಿ ಹಿಪ್ಪುನೇರಳೆ ಕಡ್ಡಿ ನೆಟ್ಟರು; ಅದೂ ಬತ್ತಿದ ಮೇಲೆ ಮಾವಿನ ಸಸಿ ಇಟ್ಟರು. ಶಾಸನದ ಭಾಷೆಯಲ್ಲಿ ಹೇಳಬೇಕಾದರೆ, ನೀರಾರಂಭವು ಕಾಡಾರಂಭವಾಯಿತು, ಗದ್ದೆ ಬೆದ್ದಲಾಯಿತು. ಅಪ್ಪ ಇದನ್ನು ನೋಡಿಯೇ ಹೋದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕೆರೆಗಳು ಹಾಳಾದದ್ದಕ್ಕೆ ನೂರು ಕಾರಣಗಳುಂಟೆಂದು, ನಾಡಿನ ಉದ್ದಗಲಕ್ಕೂ ಹಾಗಾಗಿದೆಯೆಂದು ನಾನು ಬಲ್ಲೆ. ಆದರೂ ನಮ್ಮೂರ ಕೆರೆಯ ಕಾರಣಗಳಲ್ಲಿ ಒಂದು, ಒಂದು ಸಮಾಸವನ್ನು ಅರ್ಧ ಬಿಡಿಸಿದ ಪಂಡಿತ.

ಈ ಕಾರಣದಿಂದಲೇ ಹಳೆಯ ಪದಗಳನ್ನು ವಿನೋದಕ್ಕಾಗಿ ಕೂಡಿಡುವ ವಸ್ತುವೆಂದು ಎಣಿಸಲು ನನಗೆ ಮನಸ್ಸಾಗುವುದಿಲ್ಲ. ಅವು ಕೆಲಸ ಮಾಡುವ ಮಾತುಗಳು. ಎಲ್ಲೆಯ ಕಲ್ಲುಗಳನ್ನೇ ನೋಡಿ: ಲಿಂಗಮುದ್ರೆಯ ಕಲ್ಲಿದ್ದರೆ ಅದು ಶಿವಾಲಯಕ್ಕೆ ಬಿಟ್ಟ ನೆಲ, ವಾಮನಮುದ್ರೆಯ ಕಲ್ಲಿದ್ದರೆ ಬ್ರಾಹ್ಮಣರಿಗೋ ವಿಷ್ಣುವಿನ ಗುಡಿಗೋ ಕೊಟ್ಟದ್ದು. ಓದುಬಾರದವನೂ ದೂರದಿಂದಲೇ ತಿಳಿಯುತ್ತಿದ್ದ. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ತಾವು; ಆ ಮಾತು ಗೊತ್ತಿದ್ದವನು ಅಲ್ಲಿ ಮನೆ ಕಟ್ಟಲಾರ. ತಿಪ್ಪಸಂದ್ರದಂಥ ಹೆಸರುಗಳಲ್ಲಿರುವ ಸಂದ್ರ ಸಮುದ್ರವೆಂಬುದರ ಸವೆದ ರೂಪ. ಸಮುದ್ರವೆಂದರೆ ಇಲ್ಲಿ ಕಡಲಲ್ಲ, ದೊಡ್ಡ ಕೆರೆ. ಕನಕಪುರ, ರಾಮನಗರಗಳ ಕಡೆ ಊರೂರಿಗೂ ಅಂಟಿಕೊಂಡಿರುವ ದೊಡ್ಡಿ ಎಂಬ ಮಾತು ದನ ಕೂಡುವ ತಾವನ್ನು ಹೇಳುತ್ತದೆ. ಕಾಡಂಚಿನಲ್ಲಿ ದನ ಮೇಯಿಸುತ್ತ ಬಂದವರು ಅಲ್ಲೇ ನೆಲೆನಿಂತು ಒಕ್ಕಲಾದ ಚರಿತ್ರೆಯ ಸುಳಿವು ಅದರಲ್ಲಿದೆ.

ಉಳುಮೆಯ ಕ್ರಮವನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಬೆಳೆ ಕೊಯ್ದ ಮೇಲೆ ಚಳಿಯಲ್ಲಿ ಹೊಡೆಯುವುದು ಮಾಗಿ ಉಳುಮೆ. ಬೇಸಗೆಯ ಮಳೆ ಬಿದ್ದಾಗ ಮತ್ತೊಂದುಕ್ಕೆ. ಸಾಲಿನ ಮೇಲೆ ಅಡ್ಡಸಾಲು. ಕುಪ್ಪೆ ಕುಪ್ಪೆಯಾಗಿ ಹಾಕಿದ ಗೊಬ್ಬರವನ್ನು ಎರಚಿ, ಹಲುಬೆ ಹೊಡೆದು ಹೆಂಟೆ ಒಡೆದು, ಹದ ನೋಡಿ ಕೂರಿಗೆ ಹೂಡುವುದು. ರಾಗಿಯ ಕೆಲವು ಸಾಲಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಪೈರು ಗೇಣುದ್ದವಾದಾಗ ಕುಂಟೆ. ನೇಗಿಲಿಗಾದರೋ ಮೇಳಿ, ಈಸು, ಗುಳ, ನೊಗ, ಮಿಣಿ, ಜತ್ತಿಗೆ ಎಂದು ಅಂಗಕ್ಕೊಂದು ಹೆಸರು. ನೇಗಿಲು ಎಂಬ ಮಾತಿಗೂ ಋಗ್ವೇದದಲ್ಲಿ ಬರುವ ಲಾಂಗಲಕ್ಕೂ ನಂಟಿದೆ. ಯಾರಿಂದ ಯಾರಿಗೆ ಹೋಯಿತೆಂಬ ವಿಷಯದಲ್ಲಿ ವಿದ್ವಾಂಸರ ವಾದ ಮುಗಿದಿಲ್ಲ.

ಈ ಪಟ್ಟಿಯಲ್ಲಿ ಎರಡು ಮಾತುಗಳನ್ನು ನೆನಪಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಒಂದು ಹದ. ಮಣ್ಣು ಹಿಡಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಅಂಟಲೂ ಬಾರದು, ಧೂಳಾಗಲೂ ಬಾರದು. ಪಟ್ಟಣದ ಗೃಹಿಣಿ ಪಾಕದ ಹದ ನೋಡುತ್ತಾಳೆ. ಪತ್ರಿಕೆಗಳು ಹದಗೆಟ್ಟ ರಸ್ತೆಯೆಂದು ಬರೆಯುತ್ತವೆ. ಮಣ್ಣಿನ ಮಾತು ಅಡುಗೆಮನೆಗೂ ಬಂತು, ಟಾರು ರಸ್ತೆಗೂ ಬಂತು. ಇನ್ನೊಂದು ಅಕ್ಕಡಿ. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಅವರೆಯೋ ತೊಗರಿಯೋ ಕೈಹಿಡಿಯಬೇಕೆಂಬ ಮುಂದಾಲೋಚನೆ ಆ ಒಂದು ಸಾಲಿನಲ್ಲಿದೆ. ಒಂದೇ ಬೆಳೆ ನಂಬಿ ಕೆಟ್ಟವರಿಗೆ ಈಗ ಮಿಶ್ರಬೆಳೆಯ ಉಪದೇಶ ಮಾಡುವಾಗ, ಅಕ್ಕಡಿ ಎಂದರೆ ಸಾಕು, ಅಜ್ಜಿಯರು ತಲೆದೂಗುತ್ತಾರೆ.

2023ರ ಮಾರ್ಚಿಯಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳ ಮಗ್ಗುಲಿನಲ್ಲಿ ಹಾದುಹೋಗಿದೆ. ಬಿಡದಿ, ಹಾರೋಹಳ್ಳಿಗಳಲ್ಲಿ ಕಾರ್ಖಾನೆಗಳೆದ್ದಿವೆ. ಹೊಲ ಹೋದ ಮೇಲೆ ಹೊಲದ ಮಾತು ಉಳಿಯಬೇಕೆಂದು ಹಟ ಮಾಡುವುದು ವ್ಯರ್ಥವಿರಬಹುದು. ಕಾಲವನ್ನು ತಡೆಯುವ ಶಕ್ತಿ ಮೇಷ್ಟ್ರಿಗಿಲ್ಲ. ಆದರೆ ಹೊಲವಿನ್ನೂ ಇರುವ ಕಡೆ ಮಾತು ಹೋಗಬಾರದು. ಹೊಲ ಹೋದ ಕಡೆಯೂ ಪೆಟ್ಟಿಗೆಯಲ್ಲಿರುವ ಕಾಗದವನ್ನು ಓದಲು ಮಕ್ಕಳಿಗೆ ಬರಬೇಕು. ಅದಕ್ಕಾಗಿ ನಮ್ಮ ಶಾಲೆಯಲ್ಲಿ ಒಂದು ಸಣ್ಣ ಕೆಲಸ ಮಾಡಿದ್ದೇವೆ. ಪ್ರತಿಯೊಬ್ಬ ಹುಡುಗ, ಹುಡುಗಿ ತಮ್ಮ ಮನೆಯ ಹಿರಿಯರನ್ನು ಕೇಳಿ ಹತ್ತು ಮಾತುಗಳನ್ನು ಬರೆದು ತರಬೇಕು. ನಿಘಂಟು ನೋಡುವಂತಿಲ್ಲ. ಅರ್ಥವನ್ನೂ ಹಿರಿಯರೇ ಹೇಳಬೇಕು, ಮೇಷ್ಟ್ರು ತಿದ್ದುವಂತಿಲ್ಲ. ಈ ಕೊನೆಯ ನಿಯಮವನ್ನು ನಾನೇ ಹಾಕಿದ್ದು. ಇದನ್ನು ಓದುವ ಮನೆಗಳಲ್ಲಿ ಹಳ್ಳಿಯಿಂದ ಬಂದ ತಾಯಿಯೋ ಮಾವನೋ ಇದ್ದರೆ, ಸಂಜೆ ರೇಡಿಯೋ ಮುಗಿದ ಮೇಲೆ ಹತ್ತು ನಿಮಿಷ ಕೇಳಿ ನೋಡಬಹುದು. ಹೇಳುವವರಿಗೂ ಸಂತೋಷವಾದೀತು.

ಈ ಯುಗಾದಿಗೆ ಊರಿಗೆ ಹೋಗಿದ್ದೆ. ನಮ್ಮ ಬೀದಿಯಲ್ಲಿ ಜೋಡೆತ್ತು ಉಳಿದಿರುವುದು ಒಂದೇ ಮನೆಯಲ್ಲಿ. ದಾಯಾದಿ ಅಣ್ಣನ ಮಗ ಟ್ರಾಕ್ಟರನ್ನು ತೊಳೆದು, ಮುಂಭಾಗಕ್ಕೆ ಹೂವಿನ ಹಾರ ಹಾಕಿ, ಹಿಂದಿನ ನೇಗಿಲ ಹಲ್ಲುಗಳಿಗೆ ಅರಿಸಿನ ಬಳಿಯುತ್ತಿದ್ದ. ಏನು ಮಾಡುತ್ತಿದ್ದೀಯೆಂದು ಕೇಳಿದೆ. "ಹೊನ್ನಾರು ಕಟ್ತಾ ಇದೀನಿ, ಚಿಕ್ಕಪ್ಪ" ಎಂದ. ಎತ್ತಿಲ್ಲ, ನೊಗವಿಲ್ಲ, ಮಿಣಿಯಿಲ್ಲ, ಕಟ್ಟುವುದಕ್ಕೆ ಏನೂ ಇಲ್ಲ. ಮಾತು ಮಾತ್ರ ಇದೆ. ಅವನು ಮೊದಲ ಸಾಲು ಹೊಡೆದ ಮೇಲೆ ಇಬ್ಬರೂ ಏರಿಯ ಮೇಲೆ ಹೋಗಿ ನಿಂತೆವು. ತೂಬಿನ ಕಲ್ಲು ಹೂಳಿನಲ್ಲಿ ಅರ್ಧ ಮುಳುಗಿತ್ತು. ಅವನಿಗೆ ಆ ಪಾಲುಪಟ್ಟಿಯ ಮಾತನ್ನು, ಈ ಸಲ ಪೂರ್ತಿಯಾಗಿ, ಬಿಡಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಗುದ್ದಲಿ ಎಷ್ಟು ಬೇಕಾಗ್ತದೆ?" ಎಂದು ಕೇಳಿದ.